ಉಸ್ತಾದನ ಮೂರು ಬೆರಳು

"ಬಾವಿ ಎಲ್ಲಾದ್ರೂ ನಡ್ಕೊಂಡು ಬರುತ್ತಾ?"

ಉಸ್ತಾದ್ ಸಿದಾತಿ ಹೀಗೆ ಕೇಳಿದ್ದೇ ತಡ, ಇಡೀ ತರಗತಿ ಗೊಳ್ಳೆಂದು ನಕ್ಕುಬಿಟ್ಟಿತು.

ನಗದೆ ಕುಳಿತಿದ್ದವಳು ಮುನೀನಾ ಒಬ್ಬಳೇ. ಮೈತುಂಬ ಸುತ್ತಿದ್ದ ಹಳದಿ ಮೆಲ್ಹಫಾದ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕಿವಿ ಕಾದ ಕಬ್ಬಿಣದಂತೆ ಸುಡುತ್ತಿತ್ತು. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಆ ಎರಡು ಸಾಲು...

ಅವನ ದನಿ ಬಂತು, ಅವನು ಬರಲಿಲ್ಲ;
ಬಾಯಾರಿಕೆ ಬಂತು, ಬಾವಿ ಬರಲಿಲ್ಲ.

ಅದು ಅವಳದೇ! ತಿಂಗಳ ಹಿಂದೆ, ಹೆಂಗಸರೇ ಸೇರಿದ್ದ ಗುಡಾರದಲ್ಲಿ, ಚಹಾ ಕುದಿಯುವಷ್ಟರಲ್ಲಿ ಕಟ್ಟಿ ಹಾಡಿದ್ದು. ಕಟ್ಟಿದವಳು ಯಾರೆಂದು ಹೊರಗೆ ಹೇಳದಿರುವುದು ಅಲ್ಲಿನ ರೂಢಿ. ಹಾಗಾಗಿ ಸಾಲು ಮಾತ್ರ ಊರೂರು ಸುತ್ತಿ ಬಂದಿತ್ತು.

ಮಾರಿಟಾನಿಯಾದ ಉತ್ತರ ಭಾಗದ ಅತಾರ್ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಅಂದು 'ಕಾವ್ಯ ಪರಿಚಯ'ದ ಮೊದಲ ಪಾಠ.

"ಈ ವಾರ ಊರ ಹೆಂಗಸರ ಬಾಯಲ್ಲೆಲ್ಲ ಇದೇ. ಹೇಳಿ, ಇದು ಕಾವ್ಯಾನಾ?" ಉಸ್ತಾದ ಕೇಳಿದ. ಎತ್ತರದ ಆಳು, ಮೂವತ್ತೆರಡರ ಆಸುಪಾಸು, ಅಗಲ ತೋಳಿನ ನೀಲಿ ನಿಲುವಂಗಿ.

ಹಿಂದಿನ ಬೆಂಚಿನವನೊಬ್ಬ ಧೈರ್ಯ ಮಾಡಿದ. "ಪ್ರಾಸ ಇದೆಯಲ್ಲ ಉಸ್ತಾದ್..."

"ಪ್ರಾಸ ಮೇಕೆಗೂ ಇದೆ. ಬೆಳಗ್ಗೆ ಮ್ಯಾ ಅನ್ನುತ್ತೆ, ಸಂಜೇನೂ ಮ್ಯಾ ಅನ್ನುತ್ತೆ."

ಮತ್ತೆ ನಗು.

"ಬರ್ಕೊಳ್ಳಿ. ಕಾವ್ಯಕ್ಕೆ ನಾಲ್ಕು ಬೇಕು. ಛಂದಸ್ಸು, ಪ್ರಾಸ, ಅರ್ಥ, ಉದ್ದೇಶ. ಈ ಎರಡು ಸಾಲಲ್ಲಿ ಉದ್ದೇಶ ಎಲ್ಲಿದೆ? ಇರೋದು ಯಾವುದೋ ಗಂಡಸಿನ ಮೇಲಿನ ಚಪಲ ಅಷ್ಟೇ. ಆ ಗಂಡಸು ಪುಣ್ಯವಂತ, ತಪ್ಪಿಸ್ಕೊಂಡ!"

ಅಯ್ಯೋ ದೇವರೇ... ಆ ಗಂಡಸು ನೀನೇ ಕಣೋ! ಮುನೀನಾಳ ಎದೆ ಕೂಗಿಕೊಂಡಿತು.

ನಿಜ. ಒಂದು ವರ್ಷ ಕಾಲ ಗುರುವಾರದ ಮಧ್ಯಾಹ್ನಗಳಲ್ಲಿ ಸ್ಥಳೀಯ ರೇಡಿಯೋದಲ್ಲಿ ಪದ್ಯ ಓದುತ್ತಿದ್ದ ಆ ದನಿ ಸಿದಾತಿಯದು. ಮುಖ ಕಂಡವಳಲ್ಲ. ಗೋಧಿ ಆರಿಸುತ್ತ, ಬಟ್ಟೆ ಹಿಂಡುತ್ತ, ಆ ದನಿಗಾಗಿ ಕಿವಿಯೊಡ್ಡಿ ಕುಳಿತವಳು. ಆ ದನಿಯೇ ಈಗ ಎದುರಿಗೆ ನಿಂತು ಅವಳನ್ನು ಮೇಕೆ ಅನ್ನುತ್ತಿದೆ!

ಅವಳು ತಟ್ಟನೆ ಎದ್ದು ನಿಂತಳು.

"ಉಸ್ತಾದ್, ಬಾವಿ ನಡ್ಕೊಂಡು ಬರೋ ಹಾಗಿಲ್ಲ ಸರಿ. ಬಾಯಾರಿಕೆ ಬರಬಹುದಾ?"

ಸಿದಾತಿ ಮೊದಲ ಬಾರಿಗೆ ಅವಳತ್ತ ತಿರುಗಿದ. ಒಂದು ಕ್ಷಣ... ಒಂದೇ ಒಂದು ಕ್ಷಣ, ಅವನ ಕಣ್ಣಲ್ಲಿ ಏನೋ ಮಿನುಗಿ ಆರಿತು.

"ನಿಮ್ಮ ಹೆಸರು?"

"ಮುನೀನಾ."

"ಕೂತ್ಕೊಳ್ಳಿ ಮುನೀನಾ. ಬಾಯಾರಿದ್ರೆ ಹೊರಗೆ ಮಡಕೆ ಇದೆ."

ಆಗ ಎದ್ದ ನಗು ಹಿಂದಿನ ಎಲ್ಲ ನಗುವನ್ನೂ ಮೀರಿಸಿತು.

ಅವನೇನೂ ಆಗಿಲ್ಲವೆಂಬಂತೆ ಪಾಠಕ್ಕೆ ತಿರುಗಿದ. ಛಂದಸ್ಸು ಎಣಿಸುವುದು ಹೇಗೆಂದು ತೋರಿಸಲು ಬಲಗೈ ಮೇಲೆತ್ತಿದ. ಆ ಕೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ಇದ್ದವು. ಉಳಿದೆರಡರ ಜಾಗ ಬೋಳು. ಮುನೀನಾ ಅದನ್ನೇ ನೋಡಿದಳು. ನೋಡುತ್ತಲೇ ಇದ್ದಳು...

* * *

ಮುನೀನಾಳಿಗೆ ಇಪ್ಪತ್ತನಾಲ್ಕು. ಹದಿನೆಂಟಕ್ಕೆ ಮದುವೆಯಾಗಿ ಸಮುದ್ರದ ದಂಡೆಯ ನುವಾದಿಬು ಪಟ್ಟಣಕ್ಕೆ ಹೋಗಿದ್ದಳು. ಇಪ್ಪತ್ತೆರಡಕ್ಕೆ ತಲಾಖ್ ಪಡೆದು ಮರಳಿದಾಗ ಅತಾರಿನ ಹೆಂಗಸರು ಅಲ್ಲಿನ ರೂಢಿಯಂತೆ ಉಲುಲು ಎಂದು ಹರ್ಷದ ಕೂಗು ಹಾಕಿ, ಗೋರಂಟಿ ಹಚ್ಚಿ ಬರಮಾಡಿಕೊಂಡರು. ಆ ಮದುವೆ ಅವಳ ಪಾಲಿಗೆ ಒಮ್ಮೆ ಹೋಗಿಬಂದ ಊರು, ಅಷ್ಟೇ. ಅತ್ತವಳಲ್ಲ.

ಅಂದು ಮಾತ್ರ ಅತ್ತಳು.

"ಯಾಕೇ ಮುಖ ಹೀಗೆ ಊದಿದೆ?" ಎಂದಳು ಚಿಕ್ಕಮ್ಮ ತೆಕ್ಬೆರ್. ತಾಯಿಯಿಲ್ಲದ ಮುನೀನಾಳನ್ನು ಸಾಕಿದ ಚಿಕ್ಕಮ್ಮ ಕಣಿವೆಯ ಹಳ್ಳಿಯಲ್ಲಿ ಇರುವವಳು. ಆ ವಾರ ಸಾಮಾನು ಕೊಳ್ಳಲು ಅತಾರಿಗೆ ಬಂದಿದ್ದಳು.

"ಚಿಕ್ಕಮ್ಮಾ, ಎರಡು ಸಾಲಲ್ಲಿ ಬೈಯ್ಯಬಹುದಾ?"

ತೆಕ್ಬೆರ್ ಚಹಾದ ಲೋಟ ಕೆಳಗಿಟ್ಟಳು. "ಥೂ! ಎಂಥ ಮಾತು ಆಡ್ತೀಯೇ? ಗಂಡಸರಿಗೆ ಬೈಯ್ಯೋಕೆ, ಹೊಗಳೋಕೆ, ಜಗಳಕ್ಕೆ ನೂರು ತರ ಪದ್ಯ ಇದೆ. ನಮಗಿರೋದು ಈ ಎರಡು ಸಾಲು. ಅವನ ಹೆಸರು ಹೇಳಬಾರದು, ಪ್ರೀತಿ ಬಿಟ್ಟು ಬೇರೆದಕ್ಕೆ ಬಳಸಬಾರದು. ನಮ್ಮಜ್ಜಿ ಕಾಲದಿಂದ ಹಾಗೇ ಇದೆ."

ಮುನೀನಾ ತಲೆಯಾಡಿಸಿದಳು. ಆದರೆ ಅಷ್ಟು ಹೊತ್ತಿಗೆ ಸಾಲು ಹುಟ್ಟಿಯಾಗಿತ್ತು. ಹುಟ್ಟಿದ್ದನ್ನು ಎಲ್ಲಿ ಬಚ್ಚಿಡುವುದು?

ಚಿಕ್ಕಮ್ಮ ಹಳ್ಳಿಗೆ ಹೊರಟ ಮೇಲೆ, ಸಹಪಾಠಿಯೂ ದೊಡ್ಡಪ್ಪನ ಮಗಳೂ ಆದ ಸಾಲ್ಕಾಳ ಕಿವಿಯಲ್ಲಿ ಉಸುರಿದಳು.

ಛಂದಸ್ಸು ಎಣಿಸಲು ಬೆರಳೇ ಸಾಲದು ನಮ್ಮ ಉಸ್ತಾದನಿಗೆ;
ಎರಡು ಬೆರಳು ಯಾರ ಕೈಯಲ್ಲಿ ಬಿಟ್ಟುಬಂದನೋ ಕೊನೆಗೆ!

ಸಾಲ್ಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯಯ್ಯೋ! ಯಾವಳ ಕೈಯಲ್ಲಿ ಬಿಟ್ಟನೋ! ಮುನೀನಾ, ನೀನು ಹಾವು ಕಣೇ!"

"ಯಾರಿಗೂ ಹೇಳ್ಬೇಡ."

"ನನ್ನಾಣೆ ಹೇಳಲ್ಲ."

ಸಾಲ್ಕಾ ಆಣೆ ಮಾಡಿದಳೆಂದರೆ ಊರಿಗೆಲ್ಲ ಗೊತ್ತಾಯಿತೆಂದೇ ಲೆಕ್ಕ. ಅದು ಮುನೀನಾಳಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು. ಈ ಕತೆಯಲ್ಲಿ ಅವಳ ತಪ್ಪನ್ನು ನಾನು ಮುಚ್ಚಿಡುವುದಿಲ್ಲ.

* * *

ಐದು ದಿನಕ್ಕೆ ಒಂದು ಮದುವೆ ಬಂತು. ಇಳಿಮಧ್ಯಾಹ್ನ. ಹೆಂಗಸರ ಗುಡಾರದಲ್ಲಿ ಕಾಲಿಡಲು ಜಾಗವಿಲ್ಲ. ನಗಾರಿ ಬಾರಿಸುವವಳು ಕೈ ಬಿಸಿ ಮಾಡಿಕೊಂಡಿದ್ದಳು. ಸಾಲ್ಕಾ ಎದ್ದು ನಿಂತವಳೇ ಸೊಂಟಕ್ಕೆ ಕೈಯಿಟ್ಟು ಹಾಡಿಬಿಟ್ಟಳು!

ಗುಡಾರ ಕಿತ್ತುಹೋಗುವಂತೆ ನಗು, ಚಪ್ಪಾಳೆ, ಉಲುಲು. "ಇನ್ನೊಂದ್ಸಲ! ಇನ್ನೊಂದ್ಸಲ!" ಯಾರೋ ಫೋನು ಎತ್ತಿ ಹಿಡಿದು ಧ್ವನಿ ಮುದ್ರಿಸಿಕೊಂಡರು. ಎರಡನೆಯ ಸಲ ಹಾಡುವಾಗ ಮುನೀನಾಳೂ ದನಿ ಸೇರಿಸಿದಳು. ಎದೆ ಹಗುರಾಗಿತ್ತು. ಈಗ ನಗಿ ಉಸ್ತಾದ್... ಈಗ ನಗಿ ನೋಡೋಣ!

ಆಗಲೇ ಅವಳ ಕಣ್ಣಿಗೆ ಆ ಹೆಂಗಸು ಬಿದ್ದಳು.

ಎದುರು ಮೂಲೆಯಲ್ಲಿ ಕುಳಿತಿದ್ದ ಕಪ್ಪು ಮೆಲ್ಹಫಾದ ಮುದುಕಿ. ಕೈಯಲ್ಲಿದ್ದ ಲೋಟವನ್ನು ಚೆಲ್ಲದಂತೆ ತಟ್ಟೆಯಲ್ಲಿಟ್ಟಳು. ಎದ್ದಳು. ನಗುವವರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದಳು. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಮೆಟ್ಟಲಿಲ್ಲ. ಸುಡುವ ಮರಳಿನ ಮೇಲೆ ಬರಿಗಾಲಲ್ಲೇ ಹೋದಳು.

"ಯಾರದು?" ಮುನೀನಾ ಪಕ್ಕದವಳನ್ನು ಕೇಳಿದಳು.

"ಸೆನಿಯಾ. ನಿಮ್ಮ ಉಸ್ತಾದನ ಅಮ್ಮ."

ನಗಾರಿ ನಿಲ್ಲಲಿಲ್ಲ. ಮುನೀನಾ ಮಾತ್ರ ಹಾಡು ಬಿಟ್ಟು, ಬಾಗಿಲಲ್ಲಿ ಉಳಿದ ಆ ಚಪ್ಪಲಿಯನ್ನೇ ನೋಡಿದಳು.

* * *

ಸಂತೆಯ ಕಟುಕನಿಂದ ಹಿಡಿದು ಪೆಟ್ರೋಲ್ ತುಂಬುವವನವರೆಗೆ ಎಲ್ಲರ ಫೋನಿನಲ್ಲೂ ಆ ಎರಡು ಸಾಲು. ಸಿದಾತಿ ಬೀದಿಯಲ್ಲಿ ನಡೆದರೆ ಮಕ್ಕಳು ಎರಡು ಬೆರಳು ಮಡಿಸಿ ತೋರಿಸಿ ಓಡುತ್ತಿದ್ದರು.

ಮೂರನೆಯ ದಿನ ಅವನ ಪಾಠವಿತ್ತು. ರಜೆ ಹಾಕುತ್ತಾನೆಂದು ಎಲ್ಲರೂ ಎಣಿಸಿದ್ದರು. ಅವನು ಗಂಟೆ ಹೊಡೆಯುವ ಮೊದಲೇ ಬಂದ. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಆ ಎರಡು ಸಾಲನ್ನು ದುಂಡಗೆ ಬರೆದ. ಒಂದಕ್ಷರ ಬಿಡಲಿಲ್ಲ.

"ಹೋದ ಸಲ ಕಾವ್ಯ ಅಲ್ಲದ್ದು ಯಾವುದು ಅಂತ ನೋಡಿದ್ವಿ. ಇವತ್ತು ಕಾವ್ಯ ಯಾವುದು ಅಂತ ನೋಡೋಣ."

ಮೊದಲ ಸಾಲಿನ ಕೆಳಗೆ ಗೆರೆ ಎಳೆದ.

"ಛಂದಸ್ಸು ಇದೆ. ಪ್ರಾಸ ಇದೆ. ಅರ್ಥಕ್ಕೆ ಬರೋಣ. ಯಾರ ಕೈಯಲ್ಲಿ ಬಿಟ್ಟು ಬಂದೆ ಅಂತ ಕೇಳಿದಾರೆ. ಪ್ರಶ್ನೆ ಚೆನ್ನಾಗಿದೆ. ಉತ್ತರ ಕೊಡ್ತೀನಿ."

ಅವನ ದನಿ ರೇಡಿಯೋದಲ್ಲಿ ಇದ್ದಂತೆಯೇ ಇತ್ತು. ಒಂದಿಷ್ಟೂ ನಡುಗಲಿಲ್ಲ.

"ಒಂಬತ್ತು ವರ್ಷದ ಹಿಂದೆ ನಾನು, ನನ್ನ ತಮ್ಮ ಕೆಲಸ ಹುಡ್ಕೊಂಡು ಅದಿರಿನ ರೈಲು ಹತ್ತಿದ್ವಿ. ಡಬ್ಬಿ ಮೇಲೆ, ಅದಿರಿನ ಮೇಲೆ, ಎಲ್ಲರೂ ಹೋಗೋ ಹಾಗೇನೇ. ಅವನಿಗೆ ಹದಿನೇಳು. ಈ ಡಬ್ಬಿಯಿಂದ ಆ ಡಬ್ಬಿಗೆ ದಾಟ್ತಾ ಕಾಲು ಜಾರಿದ. ನಾನು ಕೈ ಹಿಡಿದೆ. ಗಾಡಿ ಜಗ್ಗಿತು. ನಮ್ಮಿಬ್ಬರ ಕೈಯೂ ಕಬ್ಬಿಣದ ಮಧ್ಯೆ ಸಿಕ್ತು. ಅವನು ಹೋದ. ನನ್ನ ಎರಡು ಬೆರಳು ಅವನ ಮುಷ್ಟಿಯಲ್ಲೇ ಹೋಯ್ತು." ಸೀಮೆಸುಣ್ಣ ಕೆಳಗಿಟ್ಟ. "ಅವನ ಹೆಸರು ಹದ್ರಾಮಿ. ಅರ್ಥ ಆಯ್ತಲ್ಲ? ಬೆರಳಿನ ಕತೆ ಮನೆ ಆಚೆ ಯಾರಿಗೂ ಹೇಳಿರಲಿಲ್ಲ, ಕಟ್ಟಿದವರಿಗೂ ಇದು ಗೊತ್ತಿರಲಿಲ್ಲ, ಆದ್ರೂ ನಿಜಾನೇ ಹೇಳಿದಾರೆ. ಒಳ್ಳೆ ಸಾಲು ಹಾಗೇನೇ, ಕಟ್ಟಿದವರಿಗಿಂತ ಹೆಚ್ಚು ತಿಳ್ಕೊಂಡಿರುತ್ತೆ."

ಹುಡುಗಿಯೊಬ್ಬಳು ಬಿಕ್ಕಿದಳು.

"ಇನ್ನು ಉದ್ದೇಶ. ಉದ್ದೇಶ ನೋಯಿಸೋದು. ಅದೂ ಈಡೇರಿದೆ. ನಾಲ್ಕಕ್ಕೆ ನಾಲ್ಕೂ ಇದೆ, ಇದು ಕಾವ್ಯ. ಕಟ್ಟಿದವರಿಗೆ ಇಪ್ಪತ್ತಕ್ಕೆ ಇಪ್ಪತ್ತು."

ಮುನೀನಾ ಎದ್ದಳು. "ನಾನೇ ಉಸ್ತಾದ್... ನಾನೇ ಕಟ್ಟಿದ್ದು..."

"ಗೊತ್ತು. ಈ ತರಗತಿಯಲ್ಲಿ ಅಷ್ಟು ಚೂಪಾಗಿ ಮಾತಾಡೋರು ಇನ್ಯಾರಿದಾರೆ?"

"ನನ್ನನ್ನ..."

"ಅಳೋದಾದ್ರೆ ಹೊರಗೆ ಹೋಗಿ ಮುನೀನಾ. ಇಲ್ಲಿ ಪಾಠ ನಡೀತಿದೆ."

ಅವಳು ಹೊರಗೆ ಹೋದಳು. ಆ ಹಲಗೆಯನ್ನು ಅಂದು ಯಾರೂ ಒರೆಸಲಿಲ್ಲ. ಅವಳ ಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ಇಪ್ಪತ್ತು ಬಿದ್ದಿತ್ತು. ಹದಿನೈದು ದಿನಕ್ಕೆ ಸಿದಾತಿ ತಾನಾಗಿಯೇ ವರ್ಗ ಕೇಳಿಕೊಂಡು, ದೇಶದ ಇನ್ನೊಂದು ತುದಿಯ ನೇಮಾ ಊರಿಗೆ ಹೊರಟುಹೋದ.

* * *

ಅವನು ಹೋದ ಮರುದಿನ ಬೆಳಿಗ್ಗೆ ಮುನೀನಾ ಸೆನಿಯಾಳ ಮನೆಗೆ ಹೋದಳು. ಖರ್ಜೂರದ ತೋಟದ ಅಂಚಿನ ಕಲ್ಲುಮನೆ. ಬಾಗಿಲು ಪೂರ್ತಿ ತೆರೆದಿತ್ತು. ಗಾಳಿಗೆ ಮರಳು ನಡುಮನೆಯವರೆಗೂ ನುಗ್ಗಿತ್ತು. ಮುದುಕಿ ಗರಿಯ ಪೊರಕೆಯಿಂದ ಅದನ್ನು ಹೊರಗೆ ತಳ್ಳುತ್ತಿದ್ದಳು.

"ನೀನೇ ಅಲ್ವಾ?"

"ಹೌದಮ್ಮಾ." ಮುನೀನಾ ಅಲ್ಲೇ ಕುಸಿದಳು. "ನಂಗೆ ಗೊತ್ತಿರಲಿಲ್ಲಮ್ಮಾ... ಕ್ಷಮಿಸಿ..."

"ಮೊದ್ಲು ಚಹಾ."

ಸೆನಿಯಾ ಒಲೆ ಊದಿದಳು. ಪುದೀನ ಹಾಕಿದಳು. ಎತ್ತರದಿಂದ ಸುರಿದು ನೊರೆ ಎಬ್ಬಿಸಿದಳು. ಮನೆಗೆ ಬಂದವರಿಗೆ ಮೂರು ಲೋಟ ಕೊಡದೆ ಕಳಿಸುವುದಿಲ್ಲ, ಬಂದವರು ಯಾರೇ ಆಗಲಿ. ಮೊದಲ ಲೋಟ ಮುಂದೆ ತಳ್ಳಿ ಹೇಳಿದಳು:

"ಈಗ ಹೇಳು."

"ಏನಮ್ಮಾ?"

"ಅದನ್ನೇ. ನನ್ನ ಮುಖ ನೋಡ್ಕೊಂಡು ಹೇಳು."

ಕಣ್ಣು ತಗ್ಗಿಸಿದರೆ ಮುದುಕಿ ಗದ್ದ ಹಿಡಿದು ಎತ್ತಿದಳು. ಮುನೀನಾ ಹೇಗೋ ಹೇಳಿದಳು.

ಎರಡನೆಯ ಲೋಟ. "ಇನ್ನೊಂದ್ಸಲ. ಮದುವೆ ದಿನ ದನಿ ಇನ್ನೂ ಜೋರಾಗಿತ್ತು."

ಹೇಳಿದಳು.

ಮೂರನೆಯ ಲೋಟಕ್ಕೆ ಅವಳಿಂದ ಆಗಲಿಲ್ಲ. ಕೈಮುಗಿದಳು. ಸೆನಿಯಾ ಅಲುಗಲಿಲ್ಲ. "ಚಹಾ ಆರುತ್ತೆ."

ಹೇಳಿದಳು.

ಮುದುಕಿ ಒಲೆಯ ಕೆಂಡದ ಮೇಲೆ ಬೂದಿ ಎಳೆದಳು. ಆಮೇಲೆ, "ಒಂಬತ್ತು ವರ್ಷ ಆಯ್ತು. ಪಾಪ ಅಂತ ಈ ಊರಲ್ಲಿ ಯಾರೂ ನನ್ನೆದುರು ಹದ್ರಾಮಿ ಸುದ್ದಿ ಎತ್ತಲಿಲ್ಲ. ಸಿದಾತಿನೂ ಎತ್ತಲಿಲ್ಲ. ನೀನೊಬ್ಳು ಬಾಯಿ ಬಿಟ್ಟೆ. ಬಿಟ್ಟು ಹೊಲಸು ಮಾಡಿದೆ" ಎಂದಳು. "ನನ್ನ ಮಗನ ಮೇಲೆ ಅಷ್ಟು ದ್ವೇಷ ಯಾಕೇ?"

"ದ್ವೇಷ ಅಲ್ಲಮ್ಮಾ!" ಮುನೀನಾ ಸಿಡಿದಳು. ಇನ್ನು ಮುಚ್ಚಿಡಲು ಏನಿತ್ತು? "ಅವರು ತರಗತಿಯಲ್ಲಿ ಗೇಲಿ ಮಾಡಿದ್ರಲ್ಲ, ಬಾವಿದು... ಅದನ್ನ ನಾನು ಅವರಿಗೇ ಕಟ್ಟಿದ್ದು. ಅವರ ದನಿಗೆ. ಅವರಿಗೆ ಗೊತ್ತಿಲ್ಲ."

ಸೆನಿಯಾ ಒಣ ನಗು ನಕ್ಕಳು. "ನನ್ನ ಮಗ ಕತ್ತೆ. ನೀನು ಅವನಿಗಿಂತ ಕತ್ತೆ."

ಅವಳು ಲೋಟಗಳನ್ನು ತೊಳೆದು ಬೋರಲು ಹಾಕಿದಳು. "ಹದ್ರಾಮಿಗೆ ಒಂದು ಪದ್ಯ ಇಲ್ಲ. ಕಟ್ಟು. ಹೆಸರು ಹಾಕಿ ಕಟ್ಟು."

"ಎರಡು ಸಾಲಲ್ಲಿ ಗಂಡಸಿನ ಹೆಸರು ಹೇಳೋ ಹಾಗಿಲ್ಲಮ್ಮಾ..."

"ಅವನಣ್ಣನ ಬೆರಳನ್ನ ಪದ್ಯಕ್ಕೆ ಹಾಕೋವಾಗ ನಿಯಮ ನೆನಪಿತ್ತಾ?"

ಮುನೀನಾ ತಲೆಯಾಡಿಸಿ ಎದ್ದಳು.

* * *

ವಾರಕ್ಕೊಮ್ಮೆ ಹೋದಳು. ಮೊದಲ ವಾರ ಹದ್ರಾಮಿಯನ್ನು ಚಂದ್ರನೆಂದು ಕರೆದು ಎರಡು ಸಾಲು ಒಯ್ದಳು.

"ಚಂದ್ರ ಉಪ್ಪು ಕಮ್ಮಿ ಅಂತ ತಟ್ಟೆ ತಳ್ತಾನೇನೇ? ನನ್ನ ಮಗ ತಳ್ತಿದ್ದ. ಇದರಲ್ಲಿ ಅವನಿಲ್ಲ. ಹೋಗು."

ಎರಡನೆಯ ವಾರ ತಾಯಿಯ ಕಣ್ಣೀರು ಹರಿದು ಹೊಳೆಯಾಯಿತೆಂದು ಬರೆದಳು.

"ನಾನು ಅತ್ತದ್ದನ್ನ ನೀನು ನೋಡಿದ್ಯಾ?"

"ಇಲ್ಲಮ್ಮಾ."

"ಕಾಣದ್ದನ್ನ ಹಾಕ್ಬೇಡ. ಹೋಗು."

ಮೂರನೆಯ ವಾರ... ನಾಲ್ಕನೆಯ ವಾರ... ಹೋಗು, ಹೋಗು, ಹೋಗು. ಆದರೆ ಪ್ರತಿ ಸಲವೂ ಮೂರು ಲೋಟ ಚಹಾ. ಪ್ರತಿ ಲೋಟದ ಜೊತೆ ಮುದುಕಿಯ ಬಾಯಿಂದ ಹದ್ರಾಮಿ ಚೂರುಚೂರಾಗಿ ಹೊರಬರುತ್ತಿದ್ದ. ಖರ್ಜೂರದ ಬೀಜವನ್ನು ಕೆನ್ನೆಯಲ್ಲಿ ಗುಡ್ಡೆ ಹಾಕಿಕೊಂಡು ಒಟ್ಟಿಗೆ ಉಗುಳುತ್ತಿದ್ದನಂತೆ. ಕತ್ತಲೆಗೆ ಹೆದರುತ್ತಿರಲಿಲ್ಲ, ಜೇಡಕ್ಕೆ ಹೆದರುತ್ತಿದ್ದನಂತೆ. ಹೊರಗೆ ಹೋಗುವಾಗ ಒಂದು ದಿನವೂ ಬಾಗಿಲು ಹಾಕಿದವನಲ್ಲವಂತೆ. "ಬಾಗ್ಲು ಹಾಕೋ ಅಂತ ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯ್ತು. ರೈಲಿಗೆ ಹೋದ ದಿನಾನೂ ಅಷ್ಟೇ."

ಮುನೀನಾ ತಿರುಗಿ ನೋಡಿದಳು. ಬಾಗಿಲು ತೆರೆದೇ ಇತ್ತು. ಅವಳು ಬಂದ ಏಳು ವಾರವೂ ಹಾಗೇ ಇತ್ತು. ಮರಳು ಒಳಗೆ ಹರಿದು ಬರುತ್ತಿತ್ತು. ಮೂಲೆಯಲ್ಲಿ ಪೊರಕೆ.

ಅಲ್ಲಿಯೇ, ಮೂರನೆಯ ಲೋಟ ಆರುವ ಮೊದಲು ಹೇಳಿದಳು.

ಹದ್ರಾಮಿ ಹೊರಟುಹೋದ ಬಾಗಿಲು ಹಾಕದೆ;
ಅಮ್ಮ ಮರಳು ಗುಡಿಸುತ್ತಾಳೆ ಬಾಗಿಲು ಹಾಕದೆ.

ಸೆನಿಯಾ 'ಹೋಗು' ಎನ್ನಲಿಲ್ಲ. ಮೆಲ್ಹಫಾವನ್ನು ಮುಖದ ಮೇಲೆ ಎಳೆದುಕೊಂಡು, ಗೋಡೆಗೆ ತಿರುಗಿ ಮಲಗಿದಳು. ಬೆನ್ನು ಅಲುಗುತ್ತಿತ್ತು. ಮುನೀನಾ ಸದ್ದಿಲ್ಲದೆ ಲೋಟ ತೊಳೆದಿಟ್ಟು ಹೊರಬಂದಳು.

ಮರುದಿನ ಮುದುಕಿ ಆ ಎರಡು ಸಾಲನ್ನು ಫೋನಿನಲ್ಲಿ ನೇಮಾಗೆ ಹೇಳಿದಳು. ಕಟ್ಟಿದವಳು ಯಾರೆಂದೂ ಹೇಳಿದಳು, ಬಾವಿಯ ಸಾಲು ಯಾರಿಗಾಗಿ ಹುಟ್ಟಿತೆಂಬುದನ್ನೂ ಹೇಳಿದಳು. ಆ ಕಡೆಯಿಂದ ಫೋನು ಕಟ್ಟಾಯಿತು.

ಒಂದು ತಿಂಗಳು ಕಾದಳು ಮುನೀನಾ. ಮೂರು ತಿಂಗಳು ಕಾದಳು. ಒಂದು ಮಾತಿಲ್ಲ, ಒಂದು ಸಂದೇಶವಿಲ್ಲ.

ಸರಿ. ಅಸಹ್ಯ ಪಟ್ಕೊಂಡಿದಾರೆ. ಪಡಬೇಕಾದ್ದೇ...

* * *

ತರಬೇತಿ ಮುಗಿದು, ಚಿಕ್ಕಮ್ಮನ ಹಳ್ಳಿಯ ಶಾಲೆಗೇ ಅವಳ ನೇಮಕವಾಯಿತು. ಒಂದೇ ಕೋಣೆ, ಇಪ್ಪತ್ತೊಂದು ಮಕ್ಕಳು. ಅಲ್ಲಿ ಅವಳ ಹಿಂದಿನ ಕತೆ ಯಾರಿಗೂ ಗೊತ್ತಿಲ್ಲವೆಂದು ನೆಮ್ಮದಿಯಾಗಿದ್ದಳು.

ಎರಡನೆಯ ದಿನವೇ, ಬಿಡುವಿನ ವೇಳೆಗೆ, ಹಗ್ಗ ಜಿಗಿಯುತ್ತಿದ್ದ ಹುಡುಗಿಯರು ಹಾಡುವುದು ಕೇಳಿತು. 'ಎರಡು ಬೆರಳು ಯಾರ ಕೈಯಲ್ಲಿ...'

ಗದರಿಸಿದಳು. ಅವರು ಗೋಡೆಯ ಹಿಂದೆ ಹೋಗಿ ಹಾಡಿದರು. ಬೇಡಿಕೊಂಡಳು. ಇನ್ನೂ ಜೋರಾಗಿ ಹಾಡಿದರು. ಉಸ್ತಾದ ಯಾರು, ಬೆರಳು ಯಾರದು, ಆ ಮಕ್ಕಳಿಗೇನು ಗೊತ್ತು? ಜಿಗಿಯಲು ತಾಳ ಚೆನ್ನಾಗಿತ್ತು, ಅಷ್ಟೇ. ಬಾಗಿಲಿನ ಸಾಲನ್ನು ಕಲಿಸಿ ನೋಡಿದಳು. ಅದಕ್ಕೆ ಹಗ್ಗ ತಿರುಗಲಿಲ್ಲ.

ಕೊನೆಗೆ ಕಿವಿಗೆ ಹತ್ತಿ ತುರುಕಿಕೊಂಡು ಪುಸ್ತಕ ತಿದ್ದುವುದನ್ನು ಕಲಿತಳು.

ಖರ್ಜೂರ ಹಣ್ಣಾಗುವ ಕಾಲ. ಶಾಲೆಗೆ ಅದೇ ಕೊನೆಯ ವಾರ. ಒಂದು ಬೆಳಿಗ್ಗೆ ಹೊರಗೆ ಹಗ್ಗದ ಸದ್ದು ತಟ್ಟನೆ ನಿಂತಿತು. ಹತ್ತಿಯನ್ನು ದಾಟಿಕೊಂಡು ಒಂದು ಗಂಡು ದನಿ ಒಳಬಂತು.

"ಎರಡನೇ ಸಾಲಲ್ಲಿ ಒಂದು ಅಕ್ಷರ ನುಂಗ್ತಿದೀರಾ. ಸರಿಯಾಗಿ ಹೇಳಿ."

ಮುನೀನಾಳ ಕೈಯಿಂದ ಪೆನ್ನು ಜಾರಿತು.

ಹೊರಗೆ ಬಂದಳು. ಬೇಲಿಯ ಪಕ್ಕ ಸಿದಾತಿ ನಿಂತಿದ್ದ. ಕೆನ್ನೆ ಇಳಿದಿತ್ತು. ಗಡ್ಡದಲ್ಲಿ ದಾರಿಯ ಧೂಳು. ಅವನ ಬಲಗೈಯನ್ನು ಕಂಡದ್ದೇ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು, ಹಗ್ಗ ಬಿಸಾಕಿ ಓಡಿಹೋದರು.

"ಇಲ್ಲಿವರೆಗೂ ಬಂದುಬಿಟ್ಟಿದೆ," ಅವನೆಂದ.

"ತಡೆಯೋಕೆ ಆಗಲಿಲ್ಲ. ಎಷ್ಟು ಪ್ರಯತ್ನಪಟ್ಟೆ..."

"ನೇಮಾದಲ್ಲೂ ಹಾಡ್ತಾರೆ. ಚೆನ್ನಾಗಿದೆ ಅದು. ಅದೇ ತೊಂದರೆ."

ಕ್ಷಮೆ ಕೇಳಲು ಅವಳು ಒಂದು ವರ್ಷದಿಂದ ಮಾತು ಜೋಡಿಸಿಟ್ಟಿದ್ದಳು. ಒಂದೂ ನೆನಪಿಗೆ ಬರಲಿಲ್ಲ. ಬಂದದ್ದು ಬರೀ ಸಿಟ್ಟು.

"ಕರುಣೆಯಿಂದ ಬಂದಿದ್ರೆ ವಾಪಸ್ ಹೋಗಿ ಉಸ್ತಾದ್."

"ಕರುಣೆ ಇದ್ದಿದ್ರೆ ಕಾಗದ ಬರೀತಿದ್ದೆ. ಇಷ್ಟು ದೂರ ಯಾರು ಬರ್ತಾರೆ?"

"ಮತ್ತೆ ಇಷ್ಟು ದಿನ ಒಂದು ಮಾತಿಲ್ಲ! ನಾನು ಇಲ್ಲಿ..." ಕಿವಿಯ ಹತ್ತಿ ಕಿತ್ತು ನೆಲಕ್ಕೆಸೆದಳು. "ಕೊಂದುಬಿಟ್ರಿ ನೀವು. ಗೊತ್ತಾ?"

"ಗೊತ್ತಿತ್ತು." ಅವನು ಕಣ್ಣು ತಪ್ಪಿಸಲಿಲ್ಲ. "ಗೊತ್ತಿದ್ದೇ ಸುಮ್ಮನಿದ್ದೆ. ಅಮ್ಮ ಎಲ್ಲ ಹೇಳಿದ್ಲು. ನೀವು ಕಾಯ್ತಾ ಇರ್ತೀರಿ ಅಂತ ತಿಳೀತು. ಕಾಯಲಿ ಅಂದ್ಕೊಂಡೆ. ಎಷ್ಟು ನೋಯುತ್ತೋ ಅಷ್ಟು ನೋಯಲಿ ಅಂತ. ನಾನು ಒಳ್ಳೆಯವನಲ್ಲ ಮುನೀನಾ."

ಬೇಲಿಯ ಆಚೆ ಯಾರದೋ ಒಂಟೆ ಮುಳ್ಳು ಮೇಯುತ್ತಿತ್ತು.

"ಅವತ್ತು ಬಾವಿ ನಡೆಯುತ್ತಾ ಅಂತ ನಗಿಸಿದೆನಲ್ಲ," ಅವನು ನಿಧಾನವಾಗಿ ಮುಂದುವರಿಸಿದ. "ಆ ಸಾಲು ಕಿವಿಗೆ ಬಿದ್ದಾಗಿನಿಂ‍ದ ತಲೆಯಿಂದ ಹೋಗಿರಲಿಲ್ಲ. ಯಾರೋ ಒಬ್ಬಳಿಗೆ ಇಷ್ಟು ಸಲೀಸಾಗಿ ಬಂತಲ್ಲ, ನನಗೆ ತಮ್ಮನ ಬಗ್ಗೆ ಒಂಬತ್ತು ವರ್ಷದಿಂದ ಒಂದು ಸಾಲು ಬರ್ತಿಲ್ಲ ಅಂತ ಹೊಟ್ಟೆ ಉರೀತು. ಯಾವನಿಗೆ ಕಟ್ಟಿದಾಳೋ ಅಂತ ಅದಕ್ಕೂ ಉರೀತು. ಹಲಗೆ ಮೇಲೆ ಹಾಕಿ ಸಾಯಿಸೋಣ ಅಂದ್ಕೊಂಡೆ."

"ಸತ್ತಿತು."

"ಇಲ್ಲ. ನನ್ನ ಹತ್ರ ನಾಲ್ಕೂ ಇತ್ತು... ಛಂದಸ್ಸು, ಪ್ರಾಸ, ಅರ್ಥ, ಉದ್ದೇಶ. ಬಾಗಿಲು ಕಂಡಿರಲಿಲ್ಲ. ಆ ಮನೇಲೇ ಹುಟ್ಟಿ ಬೆಳೆದವನು ನಾನು, ಆ ಬಾಗಿಲು ಯಾಕೆ ತೆಗೆದಿರುತ್ತೆ ಅಂತ ಒಂದು ದಿನ ಕೇಳಿಲ್ಲ." ಅವನ ದನಿ ಮೊದಲ ಬಾರಿಗೆ ಒಡೆಯಿತು. ರೇಡಿಯೋದಲ್ಲಾಗಲಿ, ತರಗತಿಯಲ್ಲಾಗಲಿ ಎಂದೂ ಒಡೆಯದ ದನಿ! "ನಿಮ್ಮನ್ನ ದ್ವೇಷಿಸೋಕೆ ತುಂಬಾ ಪ್ರಯತ್ನಪಟ್ಟೆ. ಬೆಳಗ್ಗೆ ಎದ್ದು ನೆನಪು ಮಾಡ್ಕೊಂಡು ದ್ವೇಷಿಸಬೇಕಾಗ್ತಿತ್ತು."

ಮುನೀನಾ ಅಳುತ್ತಳುತ್ತಲೇ ನಕ್ಕುಬಿಟ್ಟಳು. "ಆಮೇಲೆ?"

"ಆಮೇಲೆ ಒಂದು ದಿನ ಮರೆತೆ. ಬರೀ ನೀವು ನೆನಪಾದ್ರಿ."

ಗಾಳಿ ಬೀಸಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಮ್ಮ ಏನಂದ್ರು?"

"ಸೊಸೆ ಅಂತ ಒಪ್ಕೊಂಡಿದೀನಿ, ಆದ್ರೆ ಕ್ಷಮಿಸಿಲ್ಲ, ಅವೆರಡೂ ಬೇರೆ ಬೇರೆ ಕೆಲಸ ಅಂತ ಹೇಳು ಅಂದ್ಲು."

"ನ್ಯಾಯಾನೇ." ಮುನೀನಾ ತಲೆಯಾಡಿಸಿದಳು. "ನಾನೂ ನಿಮ್ಮನ್ನ ಪೂರ್ತಿ ಕ್ಷಮಿಸಿಲ್ಲ. ಮೂವತ್ತಾರು ಜನದ ಎದುರು ಮಡಕೆ ತೋರಿಸಿದ್ರಿ."

"ನಾನೂ ಪೂರ್ತಿ ಕ್ಷಮಿಸಿಲ್ಲ."

"ಹಾಗಾದ್ರೆ ಹೇಗೆ ಬಾಳೋದು?"

"ಜಗಳ ಆಡ್ಕೊಂಡು. ನಮಗಿಬ್ಬರಿಗೂ ಚೆನ್ನಾಗಿ ಬರುತ್ತೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಮುನೀನಾ... ನನಗೆ ನೀನು ಬೇಕು. ಇದಕ್ಕೆ ಪ್ರಾಸ ಗೀಸ ಏನೂ ಇಲ್ಲ. ಬೇಕು, ಅಷ್ಟೇ."

ಅವಳು ಉತ್ತರಿಸುವಷ್ಟರಲ್ಲಿ ರಸ್ತೆಯಿಂದ ಪಿಕಪ್‌ನ ಹಾರ್ನ್ ಕೇಳಿತು. ಅತಾರಿನಿಂದ ಬೆಳಿಗ್ಗೆ ಜನರನ್ನು ಇಳಿಸಿದ್ದ ಗಾಡಿ ವಾಪಸ್ ಹೊರಟಿತ್ತು. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಉಸ್ತಾದ್, ಬರ್ತೀರೋ ಇಲ್ವೋ? ಬಿಸಿಲು ಏರ್ತಾ ಇದೆ!"

ಸಿದಾತಿ ಬಾಯಿ ತೆರೆಯುವ ಮೊದಲೇ ಮುನೀನಾ ಬೇಲಿಯವರೆಗೆ ಓಡಿ ಕೂಗಿದಳು.

"ಇಲ್ಲಪ್ಪಾ, ಅವರು ಬರಲ್ಲ! ಅವರ ಚೀಲ ಇಳಿಸಿ ಹೋಗು!"

"ಚೀಲಾನಾ? ಯಾವ ಚೀಲ?" ಚಾಲಕ ತಬ್ಬಿಬ್ಬಾದ.

ಅವಳು ಹಿಂತಿರುಗಿ ನೋಡಿದಳು. ಸಿದಾತಿ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ.

"ಬೆಳಗ್ಗೇನೇ ನಿಮ್ಮ ಚಿಕ್ಕಮ್ಮನ ಮನೇಲಿ ಇಳಿಸಿದೀನಿ."

"ಆಂ! ಚಿಕ್ಕಮ್ಮ ಏನಂದ್ರು?"

"ಮೊದಲು ನನ್ನನ್ನ ಬೈದ್ರು. ಆಮೇಲೆ ನಿನ್ನನ್ನ ಬೈದ್ರು. ಆಮೇಲೆ ಊಟಕ್ಕೆ ಮೂರು ಜನ ಅಂತ ಲೆಕ್ಕ ಹಾಕ್ಕೊಂಡು ಅನ್ನಕ್ಕಿಟ್ರು."